ಹಸಿದ ಹೊಂಡ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲೊಬ್ಬರು ಗುರುಗಳು, ಒಂದು ಹೊಂಡ, ನೀರು ಸೋಸುವ ಒಂದು ಬಟ್ಟೆ. ಆಸ್ತಿ ಅಂತ ಇದ್ದದ್ದು ಇಷ್ಟೇ.

ಗುರುಗಳ ಹೆಸರು ಆದಪ್ಪಯ್ಯ. ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ಅಜ್ಜಾರು.

ಒಂದು ಬೆಳಿಗ್ಗೆ ಬಾಳಗೌಡ ಬಂದು ಬಾಗಿಲಲ್ಲಿ ನಿಂತ. ನಿಂತನೆಂದರೆ ಬಾಗಿಲು ತುಂಬಿತು. ಸುತ್ತಲಿನ ಊರುಗಳಲ್ಲೆಲ್ಲ ಹೆಸರು ಮಾಡಿದ ಪೈಲ್ವಾನ ಅವನು. ದಿನಾ ಬೆಳಿಗ್ಗೆ ನಾಲ್ಕು ಸೇರು ಹಾಲು ಕುಡಿದು ಬೆಳೆಸಿದ ಮೈ. ಆ ಮೈ ಈಗ ಗೊಳೋ ಎಂದು ಅಳುತ್ತಿತ್ತು.

"ಅಜ್ಜಾರ, ನನ್ನ ಬೆನ್ನಿಗೆ ಮಣ್ಣು ಹತ್ತಿತ್ರಿ."

ಕುಸ್ತಿಯ ಕಣದಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಸೋಲು. ಹದಿನೆಂಟು ವರ್ಷ ಬಾಳಗೌಡನ ಬೆನ್ನಿಗೆ ಆ ಮಣ್ಣಿನ ಪರಿಚಯವೇ ಇರಲಿಲ್ಲ. ಮೊನ್ನೆ ಒಬ್ಬ ಕಡ್ಡಿಪೈಲ್ವಾನ, ಇವನ ಅರ್ಧ ತೂಕದವನು, ಇವನನ್ನು ಚಿತ್ ಮಾಡಿ ಎದೆಯ ಮೇಲೆ ಕೂತುಬಿಟ್ಟಿದ್ದ. ಬಾಳಗೌಡ ಮನೆಗೂ ಹೋಗದೆ ನೆಟ್ಟಗೆ ಹೊಳೆ ದಾಟಿ ಇಲ್ಲಿಗೆ ಬಂದಿದ್ದ.

"ಸಣ್ಣದು ದೊಡ್ಡದನ್ನ ಹೆಂಗ ಗೆಲ್ಲತೈತ್ರಿ, ಅಜ್ಜಾರ? ಅದೊಂದು ಹೇಳ್ರಿ. ಅದು ತಿಳೀದ ನಾ ಊರಿಗೆ ಮುಖ ತೋರಸೂದಿಲ್ಲ."

ಅಜ್ಜಾರು ಗೂಟದ ಮೇಲಿನ ಬಟ್ಟೆ ತೆಗೆದು ಅವನ ಕೈಗೆ ಕೊಟ್ಟರು.

"ನೀರು ಸೋಸು."

ಕೆಲಸವೇನೋ ಸಣ್ಣದು. ಹೊಂಡದ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬಬೇಕು. ನೀರಿನಲ್ಲಿರುವ ಹುಳಗಳು ಬಟ್ಟೆಯ ಮೇಲೆ ಉಳಿಯುತ್ತವೆ. ಎಳ್ಳಿಗಿಂತ ಸಣ್ಣವು, ಗಾಜಿನಂಥ ಮೈಯವು, ನೀರಲ್ಲಿ ಟಣಕ್ ಟಣಕ್ ಎಂದು ಜಿಗಿಯುವವು. ಸಿಗಡಿಗಳ ದೂರದ ದಾಯಾದಿಗಳು. ಆಶ್ರಮದಲ್ಲಿ ಅವಕ್ಕೆ ಬೇರೆ ಹೆಸರಿಲ್ಲ, ಜೀವ ಎನ್ನುತ್ತಿದ್ದರು. ಸೋಸಿದ ಮೇಲೆ ಬಟ್ಟೆಯನ್ನು ಹೊಂಡದ ಮೇಲೆ ಮಗುಚಿ, ನೀರು ಬಿಟ್ಟು, ಅವನ್ನು ಮೆಲ್ಲಗೆ ತಿರುಗಿ ಇಳಿಸಬೇಕು.

"ಹೊಳಿ ಜೀವ ಹೊಳಿಗೆ, ಹೊಂಡದ ಜೀವ ಹೊಂಡಕ್ಕ," ಎಂದರು ಅಜ್ಜಾರು. "ಒಂದರ ಮನಿಯಂವನ್ನ ಇನ್ನೊಂದರ ಮನಿಗೆ ಹಾಕಬ್ಯಾಡ."

"ಎಷ್ಟು ದಿನಾರಿ?"

"ಈ ಹೊಂಡ ನನ್ನ ಗುರುವಿನ ಗುರುವಿಗಿಂತ ಹಳೇದು. ಬಟ್ಟಿ ಎಷ್ಟೋ ಹರದಾವು. ಹೊಂಡದಾಗಿನ ಜೀವ ಒಂದು ದಿನಾನೂ ತಪ್ಪಿಲ್ಲ. ಜೀವ ಇರೂತನಕ ನೀ ಇರು. ನಾ ಹೋದ ಮ್ಯಾಲೆ ಬಟ್ಟಿ ನಿಂದು, ಆಶ್ರಮ ನಿಂದು. ಜೀವ ತಪ್ಪಿದ ದಿನ ನಿನ್ನ ಹಾದಿ ನೀ ಹಿಡಿ."

"ನಾ ಕೇಳಿದ್ದಕ್ಕ ಉತ್ತರಾ?"

"ಸೋಸು ಅಂದೆನಲ್ಲ."

ಪೈಲ್ವಾನನ ಕೈ. ಮೊದಲ ತಿಂಗಳಲ್ಲೇ ಮೂರು ಬಟ್ಟೆ ಹರಿದ. ಬಟ್ಟೆ ಕಂಡರೆ ಹಿಂಡಬೇಕು ಎನ್ನುವುದೊಂದೇ ಆ ಕೈಗೆ ಗೊತ್ತಿದ್ದದ್ದು.

"ಹಿಂಡಬ್ಯಾಡ. ಮಗುಚು," ಎನ್ನುತ್ತಿದ್ದರು ಅಜ್ಜಾರು. ದಿನಾ ಅದೇ ಮಾತು, ಅದೇ ದನಿ.

ನಾಲ್ಕನೆಯ ಬಟ್ಟೆ ಹರಿಯಲಿಲ್ಲ. ಬರಬರುತ್ತ ಬಾಳಗೌಡ ಮಾತಾಡುತ್ತಲೇ ಬಟ್ಟೆ ಮಗುಚುವಷ್ಟು ಪಳಗಿದ. ಒಂದು ದಿನ ಅಜ್ಜಾರು ತಾವು ಓದುವಾಗ ಹಿಡಿಯುವ ಭೂತಗನ್ನಡಿ ಕೊಟ್ಟು, ಒಂದು ಜೀವವನ್ನು ಬಟ್ಟಲಲ್ಲಿ ಹಾಕಿ ತೋರಿಸಿದರು.

ಬಾಳಗೌಡ ಬಾಯಿ ತೆರೆದ. ಹೊರಗಿನಿಂದಲೇ ಒಳಗೆಲ್ಲ ಕಾಣುತ್ತಿತ್ತು! ಹೊಟ್ಟೆಯಲ್ಲಿ ಹಸಿರು ಗೆರೆ, ನೀರಿನ ಹಸಿರನ್ನು ತಿಂದದ್ದು. ಬೆನ್ನಿನ ಹತ್ತಿರ ಎದೆ, ಎಣಿಸಲು ಬಾರದಷ್ಟು ವೇಗದಲ್ಲಿ ಮಿಡಿಯುವುದು. ಬೆನ್ನಿನ ಚೀಲದಲ್ಲಿ ಮೊಟ್ಟೆಗಳು, ಎಣಿಸಿದರೆ ಇಪ್ಪತ್ತು.

"ಇಪ್ಪತ್ತು ಮಕ್ಕಳ್ರೀ!"

"ಸುಗ್ಗಿಯಾಗ ಎಲ್ಲಾರೂ ದೊಡ್ಡ ಮನಸಿನವರ," ಎಂದರು ಅಜ್ಜಾರು.

ಎರಡನೆಯ ವರ್ಷ ಮಳೆಗಾಲ ಕಳೆದ ಮೇಲೆ ಅಜ್ಜಾರು ದೂರದೊಂದು ಊರಿಗೆ ಕಾಲ್ನಡಿಗೆಯಲ್ಲಿ ಹೊರಟರು. ಬರುವುದಕ್ಕೆ ಎರಡು ತಿಂಗಳು ಹಿಡಿಯುತ್ತದೆ ಎಂದರು. ಹೊಂಡ ಬಾಳಗೌಡನ ಪಾಲಿಗೆ ಬಿತ್ತು.

ಅವರು ಹೋದ ವಾರದಲ್ಲೇ ಯಾತ್ರೆಯ ಮಂದಿ ಬಂದು ಇಳಿದರು. ಅವರಲ್ಲೊಬ್ಬ ಹೆಂಗಸು ಹೊಂಡ ನೋಡಿ ಮೂಗು ಮುರಿದಳು.

"ಅಯ್ಯ, ಏನ್ರಿ ಇದು, ಇಷ್ಟ ಹಸರ! ನಮ್ಮ ಎಮ್ಮಿನೂ ಕುಡಿಯೂದಿಲ್ಲ ಇಂಥಾ ನೀರ."

ಬಾಳಗೌಡನಿಗೆ ಆ ಮಾತು ನಾಟಿತು. ಅಜ್ಜಾರು ಬರುವಷ್ಟರಲ್ಲಿ ಹೊಂಡವನ್ನು ಕನ್ನಡಿ ಮಾಡಿಡಬೇಕು ಎಂದುಕೊಂಡ. ಮಾಡಿಯೂ ಬಿಟ್ಟ. ನೇಮ ತಪ್ಪಲಿಲ್ಲ, ಪಾಪ. ಮೊದಲು ಅಷ್ಟೂ ಜೀವಗಳನ್ನು ಸೋಸಿ ಬಾನಿಗಳಿಗೆ ಇಳಿಸಿದ. ಹಸಿರು ನೀರು ಹೊರಗೆ ಚೆಲ್ಲಿದ. ಹೊಂಡದ ತಳ ಮಣ್ಣಿನದು, ಅದನ್ನು ಬಿಟ್ಟು ಸುತ್ತಿನ ಕಲ್ಲುಗೋಡೆಯನ್ನು ತೆಂಗಿನ ಸಿಪ್ಪೆಯಿಂದ ತಿಕ್ಕಿ ತಿಕ್ಕಿ ತೊಳೆದ. ಹೊಳೆಯ ನೀರನ್ನು ಸೋಸಿ ತುಂಬಿದ. ಜೀವಗಳನ್ನು ತಿರುಗಿ ಬಿಟ್ಟ. ಒಂದೂ ಸಾಯಲಿಲ್ಲ. ಮತ್ತೆ ಹಸಿರುಗಟ್ಟದಿರಲಿ ಎಂದು ಮೇಲೆ ಗರಿಯ ಚಪ್ಪರ ಹಾಕಿದ. ದಿನಾ ಬೆಳಿಗ್ಗೆ ಗೋಡೆ ಒರೆಸಿದ.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ.

ಅಜ್ಜಾರು ತಿರುಗಿ ಬಂದಾಗ ಬಾಳಗೌಡ ಅವರ ಕಾಲು ತೊಳೆಯುವ ಮುಂಚೆ ಕೈ ಹಿಡಿದು ಹೊಂಡದ ಹತ್ತಿರ ಕರೆದೊಯ್ದ. ತಳದ ಮಣ್ಣಿನವರೆಗೂ ಕಾಣುವ ನೀರು. ಹೊಗಳಿಕೆಗಾಗಿ ಅವನ ಕಿವಿ ನೆಟ್ಟಗಾಗಿತ್ತು.

ಅಜ್ಜಾರು ಬಗ್ಗಿ ಒಂದು ಬೊಗಸೆ ನೀರು ಎತ್ತಿ ನೋಡಿದರು.

"ಅಡಿಗಿಮನಿ ತೊಳದಿ, ಚಲೋ ಆತು. ಅಡಿಗಿನೂ ತೊಳದ ಚೆಲ್ಲಿದಿ."

ಬಾಳಗೌಡ ಅಂದೇ ಚಪ್ಪರ ಕಿತ್ತು ಬಿಸಾಡಿದ. ಆದರೆ ಹಸಿರು ಹೇಳಿದ ತಕ್ಷಣ ಬರುವ ನೆಂಟನಲ್ಲ. ಹುಟ್ಟಿದ ಒಂದಿಷ್ಟನ್ನೂ ಸಾವಿರಾರು ಬಾಯಿಗಳು ಹುಟ್ಟಿದಲ್ಲೇ ತಿಂದು ಮುಗಿಸುತ್ತಿದ್ದವು.

ಅವನಿಗೆ ತಡೆಯಲಾಗಲಿಲ್ಲ. ಹಸಿವೆಂದರೆ ಏನು ಎನ್ನುವುದು ನಾಲ್ಕು ಸೇರು ಹಾಲು ಕುಡಿದವನಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ತನ್ನ ಪಾಲಿನ ಜೋಳದ ಹಿಟ್ಟನ್ನು ಎರಡು ಬೊಗಸೆ ತಂದು ಹೊಂಡಕ್ಕೆ ಸುರಿದ. ಮೂರು ದಿನಕ್ಕೆ ನೀರು ಹುಳಿಯಾಯಿತು, ನಾರಿತು. ಅರ್ಧ ಜೀವಗಳು ಸತ್ತು ತೇಲಿದವು. ಅಳುತ್ತ ಆ ನೀರನ್ನೂ ಬದಲಿಸಿದ. ಮತ್ತೆ ಕನ್ನಡಿಯಂಥ ನೀರು, ಮತ್ತೆ ಉಪವಾಸ.

"ಇನ್ನೇನು ಮಾಡ್ಲಿರಿ, ಅಜ್ಜಾರ?"

"ಮಾಡೂದು ಬಿಡು. ನೋಡು."

ಭೂತಗನ್ನಡಿ ಮತ್ತೆ ಅವನ ಕೈಗೆ ಬಂತು. ದಿನಾ ಒಂದು ಜೀವವನ್ನು ಬಟ್ಟಲಲ್ಲಿ ನೋಡುವುದು, ಕಂಡದ್ದನ್ನು ಅಜ್ಜಾರಿಗೆ ಹೇಳುವುದು.

"ಹೊಟ್ಟ್ಯಾಗಿನ ಹಸರು ಗೆರಿ ಹೋಗೇತ್ರಿ. ಖಾಲಿ."

"ಹೂಂ."

"ಎದಿ ನಿಧಾನ ಆಗೇತ್ರಿ. ಈಗ ಎಣಸಾಕ ಬರತೈತಿ."

"ಒಲಿ ಸಣ್ಣ ಮಾಡ್ಯಾವು. ಕಟಿಗಿ ಉಳಸಾಕತ್ತಾವು."

ಇನ್ನೊಂದು ವಾರಕ್ಕೆ ಬಾಳಗೌಡ ಓಡಿಬಂದ.

"ಅಜ್ಜಾರ, ಮೊದಲ ಇಪ್ಪತ್ತು ಮೊಟ್ಟಿ ಇಡತಿದ್ವು. ಈಗ ಮೂರ! ಮೂರ ಅಂದ್ರ ಮೂರ ಅದಾವು. ಸೋತ್ವು ಬಿಡ್ರಿ."

"ಮೊಟ್ಟಿ ಎಷ್ಟದಾವು ಅಂತ ನೋಡಿದಿ. ಹೆಂಗದಾವು ಅಂತ ನೋಡಿದ್ಯೇನ?"

ಬಾಳಗೌಡ ಹೋಗಿ ಮತ್ತೆ ಕಣ್ಣು ಹಚ್ಚಿದ. ಮೊಟ್ಟೆಗಳು ಹಳೆಯವಕ್ಕಿಂತ ದಪ್ಪ ಇದ್ದವು. ಒಂದೊಂದರಲ್ಲಿ ಒಂದೊಂದು ಎಣ್ಣೆಯ ಹನಿ ಹೊಳೆಯುತ್ತಿತ್ತು. ತಾಯಿಯ ಮೈಯಲ್ಲಿ ಮಾತ್ರ ಎಣ್ಣೆಯ ಪಸೆ ಉಳಿದಿರಲಿಲ್ಲ. ಅದು ತನ್ನ ಬುತ್ತಿಯನ್ನೆಲ್ಲ ಬಿಚ್ಚಿ ಆ ಮೂವರಿಗೆ ಕಟ್ಟಿಕೊಟ್ಟಿತ್ತು.

ಅವನು ಬಟ್ಟಲು ಇಳಿಸಿದ. ಇಪ್ಪತ್ತು ವರ್ಷ ಉಂಡ ಹಾಲು ತುಪ್ಪವೆಲ್ಲ ನೆನಪಾಗಿ ಅವನಿಗೆ ನಾಚಿಕೆಯಾಯಿತು.

ಆ ಮೂರೂ ಹುಟ್ಟಿದಾಗ ಹಿಂದಿನ ಮರಿಗಳಿಗಿಂತ ದೊಡ್ಡವಾಗಿದ್ದವು, ಹಸಿವು ತಡೆದವು. ಆದರೆ ಎಷ್ಟು ದಿನ ತಡೆದಾವು? ಬೇಸಿಗೆ ಬಾಗಿಲಿಗೆ ಬಂದಾಗ ಒಂದು ಬೆಳಿಗ್ಗೆ ಬಾಳಗೌಡ ಹೊಸದೊಂದನ್ನು ಕಂಡ. ಜೀವಗಳ ಬೆನ್ನಿನ ಮೇಲೆ ಕಪ್ಪಗೆ, ಕುದುರೆಯ ಜೀನಿನ ಹಾಗೆ ಒಂದು ಚಿಪ್ಪು ಬೆಳೆದಿತ್ತು. ಒಂದಕ್ಕಲ್ಲ, ಬಹಳಷ್ಟಕ್ಕೆ.

"ಅಜ್ಜಾರ, ಇದೇನ್ರಿ?"

"ನೀ ಪೈಲ್ವಾನ. ನೀನ ಹೇಳು."

ಬಾಳಗೌಡ ಮತ್ತೆ ಭೂತಗನ್ನಡಿಗೆ ಕಣ್ಣು ಹಚ್ಚಿದ.

"ಬೆನ್ನಿಗೆ ಮಣ್ಣು ಹತ್ತೇತ್ರಿ."

ಅಜ್ಜಾರು ಭೂತಗನ್ನಡಿ ಇಸಿದುಕೊಂಡು ತಾವೂ ಒಮ್ಮೆ ನೋಡಿದರು.

"ಕುಸ್ತಿ ಮುಗದೈತೇನ?" ಎಂದಷ್ಟೇ ಕೇಳಿದರು.

ದಿನದಿಂದ ದಿನಕ್ಕೆ ಜೀವಗಳು ಕಡಿಮೆಯಾದವು. ಪೊರೆ ಕಳಚುವಾಗ ಆ ಕಪ್ಪು ಚಿಪ್ಪನ್ನೂ ಕಳಚಿ ಬಿಟ್ಟು, ಹಗುರಾಗಿ, ಒಂದೊಂದಾಗಿ ಸತ್ತವು. ಚಿಪ್ಪುಗಳು ಕೆಲವು ತೇಲಿದವು, ಕೆಲವು ತಳದ ಮಣ್ಣು ಸೇರಿದವು. ಕಡೆಗೊಂದು ಬೆಳಿಗ್ಗೆ ನೀರು ಸೋಸಿದಾಗ ಬಟ್ಟೆಯ ಮೇಲೆ ಜಿಗಿಯುವುದು ಒಂದೂ ಇರಲಿಲ್ಲ. ಬರೀ ಕಪ್ಪು ಕಸ, ಒಡೆದ ಸಾಸಿವೆಯ ಸಿಪ್ಪೆಯಷ್ಟು.

ಬಾಳಗೌಡ ಮತ್ತೊಮ್ಮೆ ಸೋಸಿದ. ಹತ್ತು ಸಲ ಸೋಸಿದ. ಇಲ್ಲ.

ಅವನು ಒಳಗೆ ಹೋಗಿ ಗಂಟು ಕಟ್ಟಿಕೊಂಡು ಬಂದ. ಎಷ್ಟೋ ತಲೆಮಾರು ತಪ್ಪದ ಜೀವ ತನ್ನ ಕೈಯಲ್ಲಿ ತಪ್ಪಿತು. ಕಣದಲ್ಲಿ ಸೋತದ್ದು ಇದರ ಮುಂದೆ ಏನೇನೂ ಅಲ್ಲ ಎನಿಸಿತು.

"ಅಜ್ಜಾರ, ಜೀವ ತಪ್ಪಿತ್ರಿ. ನಾ ಹೊಂಟೆ. ಬಟ್ಟಿ ತಗೊಳ್ರಿ."

"ಝಾಡಿಸಿ ಕೊಡು."

ಬಾಳಗೌಡ ಬಟ್ಟೆ ಹಿಡಿದ. ಕಾಲ ಕೆಳಗೆ ಕಾದ ಕಲ್ಲು. ಒಮ್ಮೆ ಫಟ್ಟೆಂದು ಝಾಡಿಸಿದರೆ ಆಯಿತು, ಕಸ ಕಲ್ಲಿನ ಮೇಲೆ ಉದುರಿ ಗಾಳಿಗೆ ಹೋಗುತ್ತಿತ್ತು. ಆದರೆ ಐನೂರು ಬೆಳಗು ಮಾಡಿದ ಕೆಲಸ ಕೈಯಲ್ಲಿ ಕೂತುಬಿಟ್ಟಿತ್ತು. ಅವನ ಕೈ ಅವನನ್ನು ಕೇಳಲೇ ಇಲ್ಲ. ಹೊಂಡದ ಮೇಲೆ ಬಟ್ಟೆ ಮಗುಚಿತು, ನೀರು ಬಿಟ್ಟಿತು, ಕಪ್ಪು ಕಸವನ್ನು ಮೆಲ್ಲಗೆ ಇಳಿಸಿತು.

ಅಜ್ಜಾರ ಮುಖದಲ್ಲಿ ಒಂದು ನಗು ಬಂದು ಹೋಯಿತು. ಬಾಳಗೌಡ ಅದನ್ನು ನೋಡಲಿಲ್ಲ.

"ಹೋಗಂವ ಒಂದು ಕೆಲಸ ಮಾಡಿ ಹೋಗು. ತೂಬಿನ ಬಾಯಿಗೆ ಬಟ್ಟಿ ಕಟ್ಟಿ, ಅಡ್ಡ ಇಟ್ಟ ಕಲ್ಲು ತೆಗಿ. ಹೊಂಡ ಒಣಗಲಿ."

"ಒಣಗಲೀ? ಯಾಕ್ರಿ?"

"ಹಸದದ್ದಕ್ಕ ನಿದ್ದಿ ಬೇಕು."

"ಆಮ್ಯಾಲೆ ಹೋಗಲೇನ್ರಿ?"

"ಮಳಿ ಬಂದ ಮ್ಯಾಲೆ ತುಂಬಿಸಿ ಹೋಗು. ಖಾಲಿ ಹೊಂಡ ಬಿಟ್ಟು ಹೋಗೂದು ಶಿಷ್ಯಾಗ ಶೋಭಾ ಅಲ್ಲ."

ಹೊಂಡದ ನೀರು ಹೋಯಿತು. ಮಣ್ಣು ಕಾಯಿತು, ಬಿರುಕು ಬಿಟ್ಟಿತು, ಹಪ್ಪಳದಂತೆ ಸುರುಳಿ ಎದ್ದಿತು. ಮೂರು ತಿಂಗಳು. ಕುಡಿಯುವ ನೀರು ಹೊಳೆಯಿಂದ ಬರುತ್ತಿತ್ತು, ಬಾಳಗೌಡ ಸೋಸುತ್ತಿದ್ದ, ಹೊಳೆಯ ಜೀವವನ್ನು ಹೊಳೆಗೆ ಬಿಟ್ಟು ಬರುತ್ತಿದ್ದ. ಬರುವಾಗ ಹೊಂಡದ ಕಡೆ ನೋಡುತ್ತಿರಲಿಲ್ಲ.

ಒಮ್ಮೆ ಪಕ್ಕದ ಊರಿನ ರೈತ ಸಾತಗೌಡ ಚಕ್ಕಡಿ ಹೂಡಿಕೊಂಡು ಬಂದ.

"ಒಣಗಿದ ಹೊಂಡಾರಿ ಪೈಲ್ವಾನ್ರ. ಹೂಳು ಚಲೋ ಐತಿ. ಹೊಲಕ್ಕ ಹೇರಕೊಂಡು ಹೋಗಲೇನ್ರಿ?"

ಬಾಳಗೌಡ ಹೊಂಡಕ್ಕೆ ಇಳಿದು ನಡುವೆ ನಿಂತ.

"ಇಲ್ಲ."

"ಯಾಕ್ರಿ? ಏನೈತಿ ಇದರಾಗ?"

"ಏನಿಲ್ಲ."

"ಮತ್ತ?"

"ಮತ್ತ ಏನಿಲ್ಲ. ಮುಟ್ಟಬ್ಯಾಡ."

ಸಾತಗೌಡ ಅವನನ್ನು ಮೇಲಿಂದ ಕೆಳಗೆ ನೋಡಿ, ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಂಡು ಚಕ್ಕಡಿ ತಿರುಗಿಸಿದ. ಹಾಗೇಕೆ ಅಂದೆ ಎಂದು ಬಾಳಗೌಡನಿಗೂ ತಿಳಿಯಲಿಲ್ಲ. ಖಾಲಿ ಮಣ್ಣನ್ನು ಕಾದದ್ದಕ್ಕೆ ಅವನಿಗೆ ಅವನ ಮೇಲೇ ಸಿಟ್ಟು ಬಂತು.

ಮಳೆ ಬಂತು. ಹೊಳೆಗೆ ಹೊಸ ನೀರು ಬಂದು ತಿಳಿಯಾಯಿತು. ಬಾಳಗೌಡ ತೂಬಿಗೆ ತಿರುಗಿ ಕಲ್ಲು ಇಟ್ಟು, ಮೂರು ದಿನ ಕೊಡ ಹೊತ್ತ. ಪ್ರತಿ ಕೊಡವನ್ನೂ ಸೋಸಿದ. ಬಟ್ಟೆಯ ಮೇಲೆ ಉಳಿದದ್ದನ್ನು ಪ್ರತಿ ಸಲವೂ ಹೊಳೆಗೆ ಹೋಗಿ ಬಿಟ್ಟು ಬಂದ. ಹೊಳೆಯ ಒಂದು ಜೀವವೂ ಹೊಂಡಕ್ಕೆ ಬೀಳಲಿಲ್ಲ. ಹೊಂಡ ತುಂಬಿತು.

"ತುಂಬೇತ್ರಿ ಅಜ್ಜಾರ. ನಾ ಹೊಂಟೆ."

"ಇವತ್ತಿನ ನೀರು ಯಾರು ಸೋಸಬೇಕು?"

ಬಾಳಗೌಡ ಗಂಟು ಇಳಿಸಿ ಸೋಸಿದ. ಬಟ್ಟೆ ಖಾಲಿ.

ಮರುದಿನ ಗಂಟು ಎತ್ತಿದ.

"ಇವತ್ತಿಂದು?" ಎಂದರು ಅಜ್ಜಾರು.

ಮತ್ತೆ ಸೋಸಿದ. ಹೀಗೆ ಎಂಟು ದಿನ ಅವನ ಗಂಟು ಹೆಗಲಿಗೇರುತ್ತಿತ್ತು, ಕೆಳಗಿಳಿಯುತ್ತಿತ್ತು. ಹೊಂಡದ ನೀರಿಗೆ ಎಳೆ ಹಸಿರು ಬಂತು. ಈ ಸಲ ಅವನು ಅದನ್ನು ಒರೆಸಲಿಲ್ಲ. ತಿನ್ನುವವರೇ ಇಲ್ಲದ ಮನೆಯಲ್ಲಿ ಅಡಿಗೆ ಆದಂತೆ ಅನಿಸಿ ಸಂಕಟಪಟ್ಟ.

ಒಂಬತ್ತನೆಯ ಬೆಳಿಗ್ಗೆ ಬಟ್ಟೆಯ ಮೇಲೆ ಏನೋ ಅಲುಗಿತು.

ಬಾಳಗೌಡ ಕಣ್ಣುಜ್ಜಿಕೊಂಡ. ಅಲುಗಿದ್ದು ಒಂದಲ್ಲ. ಬಟ್ಟಲಿಗೆ ಇಳಿಸಿ, ಹೊಂಡದ ಅಂಚಿನ ಕೆಸರಲ್ಲಿ ಮೊಣಕಾಲೂರಿ, ಭೂತಗನ್ನಡಿ ಹಿಡಿದ.

ಗಾಜಿನಂಥ ಮೈ. ಎಣಿಸಲು ಬಾರದಷ್ಟು ವೇಗದ ಎದೆ. ಹೊಟ್ಟೆಯಲ್ಲಿ ಹಸಿರು ಗೆರೆ!

ಪಕ್ಕದಲ್ಲೇ ಒಂದು ಕಪ್ಪು ಚಿಪ್ಪು ಬಾಯಿ ಬಿಟ್ಟು ಬಿದ್ದಿತ್ತು. ಒಳಗೆ ಎರಡು ಮೊಟ್ಟೆಯಷ್ಟೇ ಜಾಗ. ಒಂದು ಖಾಲಿ. ಇನ್ನೊಂದು ಅವನು ನೋಡುತ್ತಿದ್ದಂತೆಯೇ ಒಡೆಯಿತು. ಒಳಗಿನದು ಮೈ ಕೊಡವಿ ಹೊರಗೆ ಬಂದು, ತುಸು ಹೊತ್ತು ಸುಧಾರಿಸಿಕೊಂಡು, ಟಣಕ್ಕೆಂದು ಜಿಗಿಯಿತು.

ಬಾಳಗೌಡ ಹೊಂಡದತ್ತ ಬಗ್ಗಿದ. ಹಸಿರು ನೀರಿನಲ್ಲಿ ಬಿಸಿಲು ಬಿದ್ದಲ್ಲೆಲ್ಲ ಜಿಗಿತ. ನೂರಲ್ಲ, ಸಾವಿರ. ಉಪವಾಸ ಕೊಂದಿರಲಿಲ್ಲ. ನೀರಿಲ್ಲದ ಮೂರು ತಿಂಗಳು ಕೊಂದಿರಲಿಲ್ಲ. ಬಿರಿದ ಮಣ್ಣಿನೊಳಗೆ, ಅವನು ಕಣ್ಣೆತ್ತಿಯೂ ನೋಡದ ಆ ಮಣ್ಣಿನೊಳಗೆ, ಇಷ್ಟೂ ಜೀವ ಇತ್ತು.

"ಅಜ್ಜಾರ! ಗೆದ್ದಾವ್ರೀ! ಅಜ್ಜಾರ, ಗೆದ್ದಾವು!"

ಅಜ್ಜಾರು ಕೋಲೂರಿಕೊಂಡು ಬರುವಷ್ಟರಲ್ಲಿ ಬಾಳಗೌಡ ಎದ್ದು ನಿಂತು ತೊಡೆ ತಟ್ಟಿದ್ದ. ಸೋತ ದಿನದಿಂದ ಆ ತೊಡೆಯ ಮೇಲೆ ಆ ಕೈ ಬಿದ್ದಿರಲಿಲ್ಲ. ಸದ್ದಿಗೆ ಹೊಳೆಯಾಚೆಯ ಬೆಳ್ಳಕ್ಕಿಗಳು ಎದ್ದವು. ಮತ್ತೊಮ್ಮೆ ತಟ್ಟಿದ. ಅಳುತ್ತಿದ್ದ, ನಗುತ್ತಿದ್ದ, ಕುಣಿಯುತ್ತಿದ್ದ. ಮೂರನೆಯ ಸಲಕ್ಕೆ ಕೆಸರಲ್ಲಿ ಕಾಲು ಜಾರಿ, ಅಷ್ಟು ದೊಡ್ಡ ಮೈ ಧೊಪ್ಪೆಂದು ಅಂಗಾತ ಬಿತ್ತು.

ಬಿದ್ದಲ್ಲೇ ಇನ್ನೂ ಜೋರಾಗಿ ನಕ್ಕ. ಆಮೇಲೆ ಹಳೆಯ ಅಭ್ಯಾಸಕ್ಕೆ ಧಡಪಡಿಸಿ ಎದ್ದು ಕೂತು, ಎರಡೂ ಕೈ ಹಿಂದೆ ಮಾಡಿ ಬೆನ್ನಿನ ಮಣ್ಣು ಕೊಡವತೊಡಗಿದ.

ಅಜ್ಜಾರು ಹೊಂಡವನ್ನು ನೋಡಿದರು, ಅವನನ್ನು ನೋಡಿದರು. ಬಟ್ಟೆಯನ್ನು ಕಲ್ಲಿನಿಂದ ಎತ್ತಿ ಅವನ ಹೆಗಲ ಮೇಲೆ ಹಾಕಿದರು.

"ಇರಲಿ ಬಿಡು, ಬಾಳಗೌಡಾ. ಮೂರು ತಿಂಗಳ ಅವೂ ಆ ಮಣ್ಣಿಗೆ ಬೆನ್ನು ಹಚ್ಚಿ ಮಲಗಿದ್ವು. ಏಳು, ಬಟ್ಟಿ ನಿಂದು, ನೀರು ಸೋಸು."